ಎರೆಯ ನಾಡಿನ ಮಾಳಿಗೆ ಮನೆ

ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ದಾರಿಯಲ್ಲಿ ಶಿರಗುಪ್ಪಿ ಎಂಬ ಊರಿದೆ. ಹುಬ್ಬಳ್ಳಿ ತಾಲ್ಲೂಕಿನ ಒಂದು ಹೋಬಳಿಗೆ ಹೆಸರು ಕೊಟ್ಟ ಊರು ಅದು. ಸುತ್ತಲೂ ಕಣ್ಣು ಹಾಯುವವರೆಗೆ ಎರೆಭೂಮಿ. ಹತ್ತಿ, ಜೋಳ, ಗೋದಿ, ಕಡಲೆ, ಮೆಣಸಿನಕಾಯಿ, ಉಳ್ಳಾಗಡ್ಡಿಗಳನ್ನು ಬೆಳೆಯುವ ಕಪ್ಪು ಬಯಲು. ಈ ಬಯಲಿನಲ್ಲಿ ಹೆಮ್ಮರಗಳು ವಿರಳ, ಕಲ್ಲು ವಿರಳ. ಇಲ್ಲಿ ಬೇಕಾದಷ್ಟು ದೊರೆಯುವುದು ಮಣ್ಣೊಂದೇ. ಹಿಂದಿನ ಕಾಲದಲ್ಲಿ ದೂರದಿಂದ ನೋಡಿದವರಿಗೆ ಈ ಸೀಮೆಯ ಊರುಗಳು ನೆಲವೇ ಮೆಲ್ಲಗೆ ಮೈಯೆತ್ತಿ ನಿಂತಂತೆ ಕಾಣುತ್ತಿದ್ದವು. ಮನೆಗಳಿಗೆ ಇಳಿಜಾರಾದ ಸೂರು ಇರಲಿಲ್ಲ, ಹೆಂಚು ಇರಲಿಲ್ಲ. ಗೋಡೆಯೂ ಮಣ್ಣು, ಮೇಲಿನ ಮಾಳಿಗೆಯೂ ಮಣ್ಣು. ಇಂದು ಅವೇ ಊರುಗಳಲ್ಲಿ ಮಣ್ಣಿನ ಮಾಳಿಗೆಯ ಮಗ್ಗುಲಲ್ಲಿ ಸಿಮೆಂಟಿನ ಚಾವಣಿ, ಅದರಾಚೆ ತಗಡಿನ ಹೊದಿಕೆ, ಎಲ್ಲಕ್ಕೂ ಮೇಲೆ ಕಪ್ಪು ನೀರಿನ ಟಾಕಿ. ಈ ಬದಲಾವಣೆಯನ್ನು ಕಂಡು ಮರುಗುವವರುಂಟು, ಹಿಗ್ಗುವವರೂ ಉಂಟು. ಆದರೆ ಹಳೆಯ ಮನೆಯು ಯಾವುದರ ಆಧಾರದ ಮೇಲೆ ನಿಂತಿದೆ ಎಂಬುದನ್ನು ಅರಿಯದವನು ಅದನ್ನು ಉಳಿಸಲಾರ, ಬದಲಿಸಲೂ ಆರ. ಮರುಗುವವರೂ ಹಿಗ್ಗುವವರೂ ಮರೆತಿರುವ ಸಂಗತಿ ಇದು.

ಮನೆಯ ಆಕಾರವನ್ನು ಮೊದಲು ನಿರ್ಧರಿಸುವುದು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರನ್ನೂ ಮೀರಿ ಮಳೆ ಸುರಿಯುತ್ತದೆ. ಅಲ್ಲಿ ಚಪ್ಪಟೆ ಮಾಳಿಗೆ ಒಂದು ಮಳೆಗಾಲವನ್ನೂ ಕಾಣದು. ಧಾರವಾಡ, ಕಲಘಟಗಿಗಳ ಕಡೆಗೆ ಹೆಂಚಿನ ಮನೆಗಳೇ ಹೆಚ್ಚು. ಅಲ್ಲಿಂದ ಮೂಡಲಿಗೆ ಹುಬ್ಬಳ್ಳಿಯನ್ನು ದಾಟಿ ನವಲಗುಂದ, ಅಣ್ಣಿಗೇರಿಗಳತ್ತ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ, ಸೂರು ಚಪ್ಪಟೆಯಾಗುತ್ತದೆ. ಒಂದೇ ಜಿಲ್ಲೆಯಲ್ಲಿ ಒಂದು ದಿನದ ಬಂಡಿಯ ದಾರಿಯೊಳಗೆ ಮನೆಯ ತಲೆಯ ಮೇಲಿನ ಹೊದಿಕೆ ಹೀಗೆ ಬದಲಾಗುವುದು ಸೋಜಿಗವೇ ಸರಿ. ಭೂಗೋಳದ ಪುಸ್ತಕದಲ್ಲಿ ಮಳೆಯ ಹಂಚಿಕೆಯನ್ನು ಗೆರೆ ಎಳೆದು ತೋರಿಸಿರುತ್ತಾರೆ; ಆ ಗೆರೆಯನ್ನು ಮನೆಕಟ್ಟುವ ಒಡ್ಡರೂ ಬಡಿಗರೂ ಪುಸ್ತಕವಿಲ್ಲದೆಯೇ ತಿಳಿದಿದ್ದರು.

ಮಾಳಿಗೆಯನ್ನು ಕಟ್ಟುವ ಕ್ರಮ ಹೀಗೆ. ಮೊದಲು ಮರದ ಕಂಬಗಳು. ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಒತ್ತೊತ್ತಾಗಿ ಜೋಡಿಸಿದ ಜಂತಿಗಳು. ಜಂತಿಗಳ ಮೇಲೆ ಹಲಗೆ ಅಥವಾ ಕಟ್ಟಿಗೆಯ ಸೀಳು, ಅದರ ಮೇಲೆ ಎಲೆಕಡ್ಡಿಗಳ ಹಾಸು, ಆಮೇಲೆ ಹದಮಾಡಿದ ಮಣ್ಣು. ಇದಕ್ಕೆ ಮೇಲ್ಮುದ್ದೆ ಎಂದು ಹೆಸರು. ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ತೆಳುವಾದ ಪದರ. ಹೊಲದಲ್ಲಿ ಸವಳು ಕಾಣಿಸಿಕೊಂಡರೆ ರೈತನು ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ, ಏಕೆಂದರೆ ಅಲ್ಲಿ ಬೆಳೆ ಏಳುವುದಿಲ್ಲ. ಅದೇ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತಂದು ಮಾಳಿಗೆಗೆ ಹರಡುತ್ತಾನೆ. ಸವಳಿನಲ್ಲಿರುವ ಸೋಡಿಯಂ ಅಂಶದಿಂದಾಗಿ ಆ ಮಣ್ಣಿನ ಕಣಗಳು ನೀರು ತಾಗಿದೊಡನೆ ಬಿಡಿಬಿಡಿಯಾಗಿ ಚದುರಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ನೀರು ಕೆಳಗಿಳಿಯಲು ದಾರಿ ಸಿಗದು. ಪೈರಿನ ಬೇರಿಗೆ ಉಸಿರು ಕಟ್ಟಿಸುವ ದೋಷವೇ ಮಾಳಿಗೆಯ ಮೇಲೆ ಗುಣವಾಯಿತು. ಮಾಳಿಗೆಯ ಅಂಚಿಗೆ ಮೋಟಾದ ಕುಂಬಿ, ಕುಂಬಿಯ ಬುಡದಲ್ಲಿ ನೀರು ಹೊರಕ್ಕೆ ಚೆಲ್ಲುವ ದೋಣಿ. ಇಷ್ಟರಿಂದಲೇ ಒಂದು ಮನೆತನ ಹಲವು ತಲೆಮಾರುಗಳ ಕಾಲ ಮಳೆಯಿಂದ ಪಾರಾಗುತ್ತಿತ್ತು.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಚೆನ್ನಾಗಿ ಕಟ್ಟಿದ ಮಾಳಿಗೆ ಮನೆಯಲ್ಲಿ ಮೇಲಿನ ಭಾರವನ್ನು ಹೊರುವುದು ಗೋಡೆಯಲ್ಲ, ಕಂಬ. ಒಂದು ಅಡಿ ದಪ್ಪದ ಮಣ್ಣು ಒಂದು ಚದರ ಮೀಟರಿಗೆ 400 ಕಿಲೋಗ್ರಾಮಿಗೂ ಹೆಚ್ಚು ತೂಗುತ್ತದೆ. ನೆನೆದರೆ ಇನ್ನೂ ಹೆಚ್ಚು. ಇಷ್ಟು ಭಾರವನ್ನು ಮರದ ಚೌಕಟ್ಟು ನೆಲಕ್ಕೆ ಇಳಿಸುತ್ತದೆ. ಎರಡು ಅಡಿಗೂ ಮೀರಿದ ದಪ್ಪದ ಮಣ್ಣಿನ ಗೋಡೆ ಬಿಸಿಲನ್ನೂ ಚಳಿಯನ್ನೂ ಕಳ್ಳನನ್ನೂ ತಡೆಯಲು ಇರುವಂಥದು. ಎರೆಮಣ್ಣಾದರೋ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರಿಸುವಷ್ಟು ಅಗಲವಾಗಿ ಬಿರಿಯುತ್ತದೆ. ಅಂಥ ನೆಲದ ಮೇಲಿನ ಗೋಡೆ ಅಲುಗದೆ ಇರುವುದು ಕಷ್ಟ. ಗೋಡೆ ಸೀಳಿದರೂ ಸೂರು ಬೀಳಬಾರದು ಎಂಬ ಎಚ್ಚರಿಕೆ ಈ ಕಟ್ಟೋಣದಲ್ಲಿ ಅಡಗಿದೆ.

ಮನೆಯ ಒಳಗನ್ನು ನೋಡೋಣ. ಅಗಲವಾದ ತಲೆಬಾಗಿಲನ್ನು ದಾಟಿದೊಡನೆ ಎದುರಾಗುವುದು ದನ ಕಟ್ಟುವ ಜಾಗ. ನೆಲ ತಗ್ಗಿನಲ್ಲಿದೆ, ಗೋಡೆಯುದ್ದಕ್ಕೂ ಗೋದಲಿ. ಅಲ್ಲಿಂದ ಮೊಳದೆತ್ತರದ ಕಟ್ಟೆ ಹತ್ತಿದರೆ ಪಡಸಾಲೆ. ಅದರ ಹಿಂದೆ ನಡುಮನೆ, ದೇವರ ಜಗಲಿ, ಅಡಿಗೆಮನೆ, ಬಚ್ಚಲು. ಕಾಳು ತುಂಬಲು ನೆಲದೊಳಗೆ ತೋಡಿದ ಹಗೇವು. ಎತ್ತುಗಳು ಮನೆಯವರೊಂದಿಗೆ ಒಂದೇ ಸೂರಿನಡಿ, ಒಂದೇ ಬಾಗಿಲಿನಲ್ಲಿ ಹೋಗಿಬರುತ್ತಿದ್ದವು. ಕಾರಹುಣ್ಣಿಮೆಯ ದಿನ ಬಣ್ಣ ಬಳಿದ ಕೋಡುಗಳು ಚೌಕಟ್ಟಿಗೆ ತಾಗದಂತೆ ಹಾದುಹೋಗಬೇಕಾದರೆ ಬಾಗಿಲು ಅಗಲವಾಗಿಯೇ ಇರಬೇಕು. ಹೊರಗೋಡೆಗೆ ಕಿಟಕಿಗಳಿರಲಿಲ್ಲ, ಇದ್ದರೂ ಗೂಡಿನಷ್ಟು ಚಿಕ್ಕವು. ಬೆಳಕು ಬರುವುದು ಮೇಲಿನಿಂದ, ಮಾಳಿಗೆಯಲ್ಲಿ ತೆರೆದ ಬೆಳಕಿಂಡಿಯ ಮೂಲಕ. ಅಡಿಗೆಮನೆಯ ಹೊಗೆ ಹೋಗುವುದೂ ಅಲ್ಲಿಂದಲೇ. ಪಡಸಾಲೆಯ ನೆಲದ ಮೇಲೆ ಬೀಳುವ ಬಿಸಿಲ ಕೋಲು ಜರುಗಿದಂತೆ ಹೊತ್ತು ಎಷ್ಟಾಯಿತೆಂದು ಮನೆಯವರು ಹೇಳುತ್ತಿದ್ದರು. ಮಳೆ ಬಂದಾಗ ಯಾರಾದರೊಬ್ಬರು ನಿಚ್ಚಣಿಕೆ ಹತ್ತಿ ಓಡಿಹೋಗಿ ಬೆಳಕಿಂಡಿಯನ್ನು ಮುಚ್ಚಬೇಕು. ಆ ಕೆಲಸ ಸಾಮಾನ್ಯವಾಗಿ ಮನೆಯ ಹುಡುಗರ ಪಾಲಿಗೆ ಬರುತ್ತಿತ್ತು.

ಮನೆಯ ಅಳತೆಯನ್ನು ಅಡಿಯಲ್ಲಿ ಹೇಳುತ್ತಿರಲಿಲ್ಲ, ಅಂಕಣದಲ್ಲಿ ಹೇಳುತ್ತಿದ್ದರು. ಇಂದಿನ ವಿದ್ಯಾರ್ಥಿಗೆ ಅಂಕಣವೆಂದರೆ ಪತ್ರಿಕೆಯ ಅಂಕಣ ಇಲ್ಲವೆ ಕಬಡ್ಡಿಯ ಅಂಕಣ. ಮನೆಕಟ್ಟುವವನಿಗೆ ಅದು ಕಂಬಕಂಬಗಳ ನಡುವಿನ ಜಾಗ. ಇಂತಿಷ್ಟು ಅಂಕಣದ ಮನೆ ಎಂದರೆ ಆ ಮನೆತನದ ಹೊಲವೆಷ್ಟು, ಎತ್ತುಗಳೆಷ್ಟು ಎಂಬುದನ್ನು ಕೇಳಿದವರು ಊಹಿಸಿಕೊಳ್ಳುತ್ತಿದ್ದರು.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯ ಮನೆ ಸ್ವರ್ಗವಾಗಿತ್ತೆಂದು ತಿಳಿಯಬಾರದು. ಬೆಳಕಿಂಡಿಯ ಕೆಳಗೆ ಕುಳಿತು ಹೊತ್ತು ನೋಡುತ್ತಿದ್ದವನು ಗಂಡಸು. ಹೆಂಗಸಿನ ಪಾಲಿಗೆ ಬಂದದ್ದು ಹೊಗೆ ತುಂಬಿದ, ಹಗಲಿನಲ್ಲೂ ದೀಪ ಬೇಡುವ ಅಡಿಗೆಮನೆ. ಬಾಣಂತಿಯನ್ನು ಗಾಳಿಯಾಡದ ಕತ್ತಲೆಯ ಕೋಣೆಯಲ್ಲಿ ಇರಿಸುತ್ತಿದ್ದರು. ಶೌಚಕ್ಕೆ ಮನೆಯಲ್ಲಿ ಸ್ಥಳವೇ ಇರಲಿಲ್ಲ. ಹೆಂಗಸರು ಸೂರ್ಯ ಮುಳುಗುವುದನ್ನು ಕಾಯಬೇಕಾಗಿತ್ತು. ದನದ ಗಂಜಳದ ನಾತ, ನೊಣ, ಸೊಳ್ಳೆಗಳ ಮಾತು ಬೇರೆ. ಇನ್ನು ಪಡಸಾಲೆಯ ಆ ಮೊಳದೆತ್ತರದ ಕಟ್ಟೆ ಮನುಷ್ಯರನ್ನು ದನಗಳಿಂದ ಬೇರ್ಪಡಿಸಿದ್ದು ಮಾತ್ರವಲ್ಲ, ಮನುಷ್ಯರನ್ನು ಮನುಷ್ಯರಿಂದಲೂ ಬೇರ್ಪಡಿಸಿತ್ತು. ಯಾರು ಕಟ್ಟೆ ಏರಿ ಕಂಬಳಿಯ ಮೇಲೆ ಕೂರಬಹುದು, ಯಾರು ಕೆಳಗೆ ಗೋದಲಿಯ ಬಳಿ ನಿಂತೇ ಮಾತಾಡಬೇಕು, ಯಾರು ಬಾಗಿಲನ್ನೇ ದಾಟುವಂತಿಲ್ಲ ಎಂಬುದನ್ನು ಜಾತಿ ನಿರ್ಣಯಿಸುತ್ತಿತ್ತು. ಇಂಥ ಮನೆಗೆ ಕಿಟಕಿ ಒಡೆದು ಬೆಳಕು ತಂದವನನ್ನು, ಹಿತ್ತಲಲ್ಲಿ ಶೌಚಾಲಯ ಕಟ್ಟಿಸಿದವನನ್ನು, ಕಟ್ಟೆಯನ್ನು ಕೆಡವಿ ನೆಲವನ್ನು ಸಮ ಮಾಡಿದವನನ್ನು ಪರಂಪರೆ ಕೆಡಿಸಿದನೆಂದು ದೂರುವುದು ನ್ಯಾಯವಲ್ಲ.

ಹಾಗೆ ನೋಡಿದರೆ ಮನೆಗಳನ್ನು ಬದಲಿಸಿದ್ದು ಯಾರೊಬ್ಬರ ಮನಸ್ಸಿನ ಚಾಪಲ್ಯವೂ ಅಲ್ಲ. ಟ್ರ್ಯಾಕ್ಟರ್ ಬಂದಿತು, ಅದು ಪಡಸಾಲೆಯ ಮುಂದೆ ಬಂದು ನಿಲ್ಲಲಾರದು, ಗೋದಲಿಯಲ್ಲಿ ಮೇಯಲಾರದು. ಎತ್ತುಗಳು ಮಾರಿಹೋದ ಮನೆಯಲ್ಲಿ ದನದ ಅಂಕಣಗಳು ಬರಿದಾದವು. ಸುಗ್ಗಿ ಮುಗಿದೊಡನೆ ಕಾಳು ಮಾರುಕಟ್ಟೆ ಸೇರತೊಡಗಿ ಹಗೇವಿಗೆ ಕೆಲಸವಿಲ್ಲದಾಯಿತು. ಎಲ್ಲಕ್ಕಿಂತ ಹೆಚ್ಚಾಗಿ ಕೂಡುಕುಟುಂಬ ಒಡೆಯಿತು. ಹೊಲವನ್ನು ಹಂಚಿಕೊಂಡಂತೆ ಅಣ್ಣತಮ್ಮಂದಿರು ಮನೆಯನ್ನೂ ಹಂಚಿಕೊಂಡರು. ಪಡಸಾಲೆಯ ನಟ್ಟನಡುವೆ ಹೊಸ ಗೋಡೆ ಎದ್ದಿತು. ತಲೆಬಾಗಿಲು ಒಬ್ಬನ ಪಾಲಿಗೆ ಬಂದರೆ ಇನ್ನೊಬ್ಬನು ಹಿತ್ತಲ ಗೋಡೆ ಒಡೆದು ಬಾಗಿಲು ಮಾಡಿಕೊಂಡ. ಬೆಳಕಿಂಡಿ ಯಾರ ಪಾಲಿಗೆ ಬಂದಿತೋ ಅವನಿಗೆ ಬೆಳಕು, ಮತ್ತೊಬ್ಬನಿಗೆ ವಿದ್ಯುದ್ದೀಪ. ಇಂಥ ಮನೆಯಲ್ಲಿ ಮಾಳಿಗೆಯ ಗತಿಯೇನು? ಒಬ್ಬನು ತನ್ನ ಅರ್ಧಕ್ಕೆ ಮಣ್ಣು ಹಾಕಿಸುತ್ತಾನೆ, ಇನ್ನೊಬ್ಬನು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕೆಲಸದಲ್ಲಿದ್ದಾನೆ. ಮಳೆಯ ನೀರು ಪಾಲುಪತ್ರವನ್ನು ಓದುವುದಿಲ್ಲ. ಇವನ ಅರ್ಧದಿಂದ ಇಳಿದು ಅವನ ತೊಲೆಯನ್ನು ಕೊಳೆಸುತ್ತದೆ.

ಇಲ್ಲಿಂದ ಮುಂದೆ ವಿಷಯ ಜೀವದ ಪ್ರಶ್ನೆಯಾಗುತ್ತದೆ. 2009ರ ಸೆಪ್ಟೆಂಬರ್ ಕೊನೆಯಲ್ಲಿಯೂ 2019ರ ಆಗಸ್ಟ್ ತಿಂಗಳಿನಲ್ಲಿಯೂ ಉತ್ತರ ಕರ್ನಾಟಕದಲ್ಲಿ ಬಿದ್ದ ಭಾರಿ ಮಳೆಗೆ ಸಾವಿರಾರು ಮಣ್ಣಿನ ಮನೆಗಳು ನೆಲಕ್ಕೊರಗಿದವು. ಮಲಗಿದ್ದವರ ಮೇಲೆ ಗೋಡೆ ಬಿದ್ದು ಸತ್ತವರ ಸುದ್ದಿ ಈ ಸೀಮೆಯಲ್ಲಿ ಹಲವು ಮಳೆಗಾಲಗಳಲ್ಲಿ ಕೇಳಿಬಂದಿದೆ. ಇದನ್ನು ಕಂಡವರು ಮಣ್ಣಿನ ಮನೆಯೆಂದರೆ ಸಾವಿನ ಮನೆ ಎಂದು ತೀರ್ಮಾನಿಸುವುದು ಸಹಜ. ಆದರೆ ಬಿದ್ದದ್ದು ಎಂಥ ಮನೆ, ಏಕೆ ಬಿದ್ದಿತು ಎಂದು ಕೇಳಬೇಡವೆ? ವರ್ಷಗಟ್ಟಲೆ ಆರೈಕೆ ಕಾಣದ ಮಾಳಿಗೆ, ಬುಡಕ್ಕೆ ಚರಂಡಿಯ ನೀರು ನಿಂತ ಗೋಡೆ, ಕಂಬ ತೆಗೆದು ಜಾಗ ಹಿಗ್ಗಿಸಿಕೊಂಡ ಪಡಸಾಲೆ, ಇವೆಲ್ಲ ಹೊರಗಿನ ನೋಟಕ್ಕೆ ಹಳೆಯ ಮನೆಗಳೇ. ನಿಜವಾಗಿ ನೋಡಿದರೆ ಅವು ಹಳೆಯವೂ ಅಲ್ಲ, ಹೊಸವೂ ಅಲ್ಲ.

ಅರಿಯದೆ ಮಾಡುವ ಬದಲಾವಣೆಗಳಲ್ಲಿ ಮೂರು ಬಹಳ ಕೆಟ್ಟವು. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಬಳಿಯುವುದು ಒಂದು. ಮಣ್ಣಿನ ಗೋಡೆ ತೇವವನ್ನು ಹೀರುತ್ತದೆ, ಬಿಸಿಲು ಬಂದಾಗ ಹೊರಬಿಡುತ್ತದೆ. ಸಿಮೆಂಟು ಬಳಿದರೆ ಹೊರಬಿಡುವ ದಾರಿ ಮುಚ್ಚುತ್ತದೆ. ಸಣ್ಣ ಬಿರುಕಿನಿಂದ ಒಳಹೊಕ್ಕ ನೀರು ಅಲ್ಲಿಯೇ ಉಳಿದು ಗೋಡೆಯ ಬುಡವನ್ನು ಮೆತ್ತಗೆ ಮಾಡುತ್ತದೆ. ಮೇಲೆ ನುಣ್ಣಗೆ ಹೊಳೆಯುವ ಗೋಡೆಯ ಒಳಗು ಕೆಸರಾಗಿರುವುದು ಅದು ಬೀಳುವ ದಿನದವರೆಗೂ ತಿಳಿಯದು. ಕಂಬಗಳನ್ನು ಕಿತ್ತು ಹಳೆಯ ಮಣ್ಣಿನ ಗೋಡೆಯ ಮೇಲೆಯೇ ಕಾಂಕ್ರೀಟಿನ ಚಾವಣಿ ಹಾಕುವುದು ಎರಡನೆಯದು. ತೂಕದ ಲೆಕ್ಕದಲ್ಲಿ ಐದು ಅಂಗುಲದ ಕಾಂಕ್ರೀಟು ಒಂದು ಅಡಿಯ ಮಣ್ಣಿಗಿಂತ ಹಗುರವೇ ಹೌದು. ಆದರೆ ಮಣ್ಣಿನ ಭಾರ ಕಂಬದ ಮೇಲಿತ್ತು. ಕಾಂಕ್ರೀಟಿನ ಭಾರ ಎಂದೂ ಹೊರೆ ಹೊರದ ಗೋಡೆಯ ಮೇಲೆ ಬಿದ್ದಿತು.

ಮೂರನೆಯದನ್ನು ಕಲಿಸಿದ್ದು ನೆರೆಯ ಮಹಾರಾಷ್ಟ್ರದ ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಆ ಊರಿನ ಸುತ್ತಮುತ್ತ ಭೂಮಿ ನಡುಗಿತು. ಸಾವಿರಾರು ಜನ ನಿದ್ದೆಯಲ್ಲಿಯೇ ಮಡಿದರು. ಅಲ್ಲಿಯದೂ ಇಂಥದೇ ಬಯಲು, ಇಂಥದೇ ಮಣ್ಣಿನ ಮಾಳಿಗೆ; ಗೋಡೆಗಳು ಮಾತ್ರ ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನವು. ಸೋರಿದಾಗಲೆಲ್ಲ ಹಳೆಯ ಮಣ್ಣನ್ನು ತೆಗೆಯದೆ ಹೊಸ ಮಣ್ಣನ್ನು ಹೇರುತ್ತ ಹೋದುದರಿಂದ ಮಾಳಿಗೆಗಳು ಅತಿ ದಪ್ಪವಾಗಿದ್ದವು. ಆ ಭಾರವೂ ಗೋಡೆಯ ಕಲ್ಲುಗಳೂ ಒಟ್ಟಿಗೆ ಕುಸಿದವು. ಆದರೂ ಗಟ್ಟಿಯಾದ ಮರದ ಚೌಕಟ್ಟು ಸೂರನ್ನು ಪ್ರತ್ಯೇಕವಾಗಿ ಹೊತ್ತಿದ್ದ ಮನೆಗಳಲ್ಲಿ ಗೋಡೆ ಹೊರಕ್ಕೆ ಉದುರಿ ಚೌಕಟ್ಟು ನಿಂತೇ ಇದ್ದುದನ್ನು ಪರಿಶೀಲಿಸಿದವರು ಕಂಡರು. ಕಂಬ ಏಕಿದೆ ಎಂಬ ಪ್ರಶ್ನೆಗೆ ಇದಕ್ಕಿಂತ ಕಠಿಣವಾದ ಉತ್ತರ ಬೇರೆ ಬೇಕಿಲ್ಲ.

ರೈತನ ಮನೆಯನ್ನು ಬದಲಿಸುವ ತೊಡಕು ಈ ನಾಡಿಗೆ ಮಾತ್ರ ಬಂದುದಲ್ಲ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿಯೂ ಐದಾರು ನೂರು ವರ್ಷಗಳ ಹಿಂದೆ ಮರದ ಚೌಕಟ್ಟು, ಮಣ್ಣು ಮೆತ್ತಿದ ತಡಿಕೆಯ ಗೋಡೆಗಳ ಮನೆಗಳಿದ್ದವು. ಅವರೂ ಮನೆಯನ್ನು ಕಂಬಗಳ ನಡುವಿನ ಜಾಗದಿಂದಲೇ ಅಳೆಯುತ್ತಿದ್ದರು. ಅವರ ‘ಬೇ’ ಇಲ್ಲಿಯ ಅಂಕಣವೇ. ಕೆಂಟ್ ಪ್ರಾಂತದ ಬೇಲೀಫ್ ಎಂಬ ರೈತನ ಮನೆ ಅಂಥದೊಂದು, ನಾಲ್ಕು ಅಂಕಣದ್ದು. ನಡುವಣ ದೊಡ್ಡ ಪಡಸಾಲೆಯಲ್ಲಿ ನೆಲದ ಮೇಲೆಯೇ ಬೆಂಕಿ. ಹೊಗೆ ಸೂರಿನ ಸಂದುಗಳಿಂದ ಹೊರಗೆ ಹೋಗುತ್ತಿತ್ತು. ಹದಿನಾರನೆಯ ಶತಮಾನದಿಂದ ಈಚೆಗೆ ಅಲ್ಲಿಯ ರೈತರು ಇಂಥ ಮನೆಗಳಲ್ಲಿ ಇಟ್ಟಿಗೆಯ ಹೊಗೆಗೂಡು ಕಟ್ಟಿಸಿ, ಪಡಸಾಲೆಯ ಮೇಲೆ ಅಟ್ಟ ಹಾಕಿಸಿ, ಕಿಟಕಿಗೆ ಗಾಜು ಕೂಡಿಸಿದರು. ಹೊಗೆಯ ಮನೆ ಹೀಗೆ ಬೆಳಕಿನ ಮನೆಯಾಯಿತು. ಇಂದು ಪ್ರವಾಸಿಗರು ಹಳೆಯದೆಂದು ಬೆರಗಿನಿಂದ ನೋಡುವ ಎಷ್ಟೋ ಹೊಗೆಗೂಡುಗಳು ಒಂದು ಕಾಲದ ಹೊಸ ತಿದ್ದುಪಡಿಗಳು.

1960ರ ದಶಕದಲ್ಲಿ ಜಲಾಶಯವೊಂದಕ್ಕೆ ಜಾಗ ಬಿಡಬೇಕಾಗಿ ಬಂದಾಗ ಬೇಲೀಫ್ ಮನೆಯನ್ನು ತೊಲೆ ತೊಲೆಯಾಗಿ ಬಿಚ್ಚಿ, ಸಸೆಕ್ಸ್ ಪ್ರಾಂತದ ಸಿಂಗಲ್‌ಟನ್ನಿನ ಬಯಲು ವಸ್ತುಸಂಗ್ರಹಾಲಯದಲ್ಲಿ ಮತ್ತೆ ಜೋಡಿಸಿದರು. ಜೋಡಿಸುವಾಗ ನಂತರದ ಕಾಲದ ಬದಲಾವಣೆಗಳನ್ನು ಬಿಟ್ಟು 1540ರ ಸುಮಾರಿಗೆ ಹೇಗಿದ್ದಿತೋ ಹಾಗೆ ತೋರಿಸಿದರು. ನೋಡುವವರಿಗೆ ಇದರಿಂದ ತಿಳಿವಳಿಕೆ ದೊರೆಯುತ್ತದೆ ನಿಜ. ಆದರೆ ಅಲ್ಲಿ ಬಾಳಿದ ಎಷ್ಟೋ ತಲೆಮಾರುಗಳ ಕೈಕೆಲಸ ಇದರಿಂದ ಮರೆಯಾಯಿತಲ್ಲ ಎನ್ನಿಸದಿರದು. ಇಂಥ ಮರುರಚನೆಯನ್ನು ಬಹು ಹಿಂದೆಯೇ ವಿರೋಧಿಸಿದವನು ವಿಲಿಯಂ ಮಾರಿಸ್. ಅವನು 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ ಒಂದು ಸಂಘವನ್ನು ಕಟ್ಟಿದ. ಕಟ್ಟಡವನ್ನು ಯಾವುದೋ ಒಂದು ಕಾಲಕ್ಕೆ ಹಿಂದಿರುಗಿಸುವುದಕ್ಕಿಂತ ದಿನದಿನದ ಆರೈಕೆಯಿಂದ ಅದು ಬೀಳದಂತೆ ನೋಡಿಕೊಳ್ಳುವುದು ಮೇಲು ಎಂಬುದು ಆ ಸಂಘದ ನಿಲುವು. ಸೋರುವ ಜಾಗಕ್ಕೆ ಮಳೆಗಾಲಕ್ಕೆ ಮೊದಲೇ ಸವಳು ಮಣ್ಣು ಹಾಕುತ್ತಿದ್ದ ಶಿರಗುಪ್ಪಿಯ ಕಡೆಯ ರೈತನಿಗೆ ಈ ಮಾತು ಹೊಸತೆನಿಸುತ್ತಿರಲಿಲ್ಲ.

ಕರ್ನಾಟಕದಲ್ಲಿಯೂ ಮನೆಗಳನ್ನು ಉಳಿಸುವ ಪ್ರಯತ್ನಗಳು ನಡೆದಿವೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಬೆಳೆದ ತೊಟ್ಟಿಯ ಮನೆ ಇಂದು ಕವಿಮನೆಯೆಂಬ ಹೆಸರಿನಲ್ಲಿ ಸಂಗ್ರಹಾಲಯವಾಗಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ನಾಡಿನ ಬೇರೆ ಬೇರೆ ಕಡೆಗಳಿಂದ ಹಳೆಯ ಮನೆಗಳನ್ನು ಬಿಚ್ಚಿ ತಂದು ಒಂದೆಡೆ ನಿಲ್ಲಿಸಿದರು. ಎರಡೂ ಮೆಚ್ಚತಕ್ಕ ಕೆಲಸಗಳೇ. ಆದರೆ ಪ್ರತಿಯೊಂದು ಮನೆಯಲ್ಲಿಯೂ ಒಬ್ಬ ಮಹಾಕವಿ ಹುಟ್ಟುವುದಿಲ್ಲ, ಪ್ರತಿಯೊಂದು ಮನೆಯನ್ನೂ ಮಣಿಪಾಲಕ್ಕೆ ಸಾಗಿಸಲಾಗದು. ಪ್ರಾಚೀನ ಸ್ಮಾರಕಗಳ ಬಗೆಗಿನ 1961ರ ರಾಜ್ಯದ ಕಾಯಿದೆ ಗುಡಿಗಳಿಗೆ, ಕೋಟೆಗಳಿಗೆ, ಶಾಸನಗಳಿಗೆ ನೆರವಾದೀತು. ರೈತನ ಮಾಳಿಗೆ ಮನೆಗೆ ಅದರ ಹಂಗಿಲ್ಲ. ಇಂಗ್ಲೆಂಡಿನಲ್ಲಿ 1947ರ ಕಾಯಿದೆಯಿಂದೀಚೆಗೆ ಹಳೆಯ ಕಟ್ಟಡಗಳ ಪಟ್ಟಿಯಿದೆ. ಪಟ್ಟಿಯಲ್ಲಿರುವ ಮನೆಯ ಒಡೆಯನು ಅದನ್ನು ಮಾರ್ಪಡಿಸಲು ಅನುಮತಿ ಕೇಳಬೇಕು. ಅಂಥದೇ ಕಟ್ಟಳೆಯನ್ನು ಈ ಸೀಮೆಗೂ ತರಬೇಕೆಂದು ಕೆಲವರು ಬಯಸಬಹುದು. ಎತ್ತಿಲ್ಲದ, ಕೂಲಿಗೆ ಆಳು ಸಿಗದ, ಬೆಳೆಗೆ ಬೆಲೆ ಸಿಗದ ರೈತನನ್ನು ಅಡಿಗೆಮನೆಗೆ ಒಂದು ಕಿಟಕಿ ಇಡಲು ಕಚೇರಿಗೆ ಅಲೆದಾಡಿಸುವುದು ಒಳಿತಲ್ಲ.

ಅವನಿಗೆ ಬೇಕಾದುದು ತಿಳಿವಳಿಕೆ, ಅದನ್ನು ಬಲ್ಲ ಬಡಿಗ, ಮತ್ತು ಸ್ವಲ್ಪ ಹಣ. 2019ರ ನೆರೆಯ ತರುವಾಯ ಪೂರ್ತಿ ಬಿದ್ದ ಮನೆಯನ್ನು ಮತ್ತೆ ಕಟ್ಟಿಕೊಳ್ಳಲು ಸರ್ಕಾರವು 5 ಲಕ್ಷ ರೂಪಾಯಿಗಳ ಪರಿಹಾರವನ್ನು ಘೋಷಿಸಿತು. ಮನೆ ಕಳೆದುಕೊಂಡವರಿಗೆ ಅದು ದೊರೆಯಬೇಕಾದುದೇ. ಬೀಳುವ ಮೊದಲೇ ಕೊಳೆತ ಒಂದು ತೊಲೆಯನ್ನು ಬದಲಿಸಲು ಅದರ ಒಂದು ಸಣ್ಣ ಪಾಲು ದೊರೆತಿದ್ದರೆ ಎಷ್ಟೋ ಮನೆಗಳು ಬೀಳುತ್ತಲೇ ಇರಲಿಲ್ಲ. ಬಿದ್ದ ಮನೆಗೆ ಬೆಲೆ ಕಟ್ಟುವ ಲೆಕ್ಕದ ಪುಸ್ತಕದಲ್ಲಿ ನಿಂತಿರುವ ಮನೆಗೆ ಒಂದು ಪುಟವಿಲ್ಲದಿರುವುದು ಯೋಚಿಸತಕ್ಕ ಸಂಗತಿ.

ತಿಳಿದು ಬದಲಿಸಿದ ಮನೆ ಹೇಗಿರುತ್ತದೆ? ಬರಿದಾದ ದನದ ಅಂಕಣದ ನೆಲವನ್ನು ಗರಸು ತುಂಬಿ ಎತ್ತರಿಸಿದರೆ ಮಕ್ಕಳಿಗೆ ಓದುವ ಕೋಣೆಯಾಗುತ್ತದೆ. ಕಂಬವನ್ನು ಮುಟ್ಟದೆ ಎರಡು ಕಂಬಗಳ ನಡುವಿನ ಗೋಡೆಯಲ್ಲಿ ಕಿಟಕಿ ಇಡಬಹುದು, ಏಕೆಂದರೆ ಆ ಗೋಡೆ ಹೊರೆ ಹೊತ್ತಿಲ್ಲ. ಬೆಳಕಿಂಡಿಗೆ ಗಾಜು ಕೂಡಿಸಿ ಗಾಳಿಯಾಡಲು ಸುತ್ತ ಸಂದು ಬಿಟ್ಟರೆ ಮಳೆಯಲ್ಲಿ ಮಾಳಿಗೆಗೆ ಓಡುವ ಕೆಲಸ ತಪ್ಪುತ್ತದೆ. ಗೋಡೆಗೆ ಮಣ್ಣು ಇಲ್ಲವೆ ಸುಣ್ಣದ ಗಿಲಾವು ಇರಲಿ; ಸಿಮೆಂಟು ಬೇಕೇ ಬೇಕೆಂದರೆ ಬಚ್ಚಲಿಗೂ ಶೌಚಾಲಯಕ್ಕೂ ಹೊರಗೆ ಬೇರೆಯಾಗಿ ಕಟ್ಟಿದ ಕೋಣೆಯಿರಲಿ. ಗೋಡೆಯ ಬುಡದಿಂದ ನೀರು ದೂರ ಹರಿಯುವಂತೆ ಕಲ್ಲು ಹಾಸಬೇಕು. ಮಾಳಿಗೆಗೆ ಹೊಸ ಮಣ್ಣು ಹಾಕುವ ಮೊದಲು ಹಳೆಯದನ್ನು ಕೆರೆದು ಇಳಿಸಬೇಕು. ಹೀಗೆ ತಿದ್ದಿದ ಮನೆ ಏಪ್ರಿಲ್ ತಿಂಗಳಿನ ಮಧ್ಯಾಹ್ನದಲ್ಲಿ ಎಷ್ಟು ತಂಪೆಂಬುದನ್ನು ಪಕ್ಕದ ತಗಡಿನ ಮನೆಯವರು ಬಂದು ಪಡಸಾಲೆಯಲ್ಲಿ ಅಡ್ಡಾಗುವುದರಿಂದಲೇ ತಿಳಿಯಬಹುದು.

ಉಳಿಸಲಾಗದ ಮನೆಗಳೂ ಇರುತ್ತವೆ. ಅವುಗಳ ಬೋದಿಗೆ, ಬಾಗಿಲುಗಳು ಮಾರಾಟವಾಗಿ ದೂರದ ನಗರದ ಹೋಟೆಲುಗಳಲ್ಲಿ ಅಲಂಕಾರಕ್ಕೆ ನಿಲ್ಲುವುದುಂಟು. ಅದನ್ನು ತಡೆಯುವುದು ಕಷ್ಟ. ಕೆಡಹುವ ಮೊದಲು ಮನೆಯನ್ನು ಅಳೆದು ಬರೆದಿಡುವುದಾದರೂ ಸಾಧ್ಯ. ಇದಕ್ಕೆ ಎಂಜಿನಿಯರ್ ಬೇಕಾಗಿಲ್ಲ. ಒಂದು ಅಳತೆಯ ಪಟ್ಟಿ, ಚೌಕುಳಿಯ ಹಾಳೆಯ ನೋಟುಬುಕ್ಕು, ಲೆಕ್ಕ ಬಲ್ಲ ಇಬ್ಬರು ವಿದ್ಯಾರ್ಥಿಗಳು ಸಾಕು. ಎಷ್ಟು ಅಂಕಣ, ಕಂಬಗಳ ನಡುವೆ ಎಷ್ಟು ಅಂತರ, ಗೋಡೆಯ ದಪ್ಪವೆಷ್ಟು, ಬೆಳಕಿಂಡಿ ಎಲ್ಲಿ, ಯಾವ ಜಂತಿಯಲ್ಲಿ ಇನ್ನೂ ಹಿಂದಿನ ಮನೆಯೊಂದರ ಗೂಟದ ತೂತು ಉಳಿದಿದೆ ಎಂಬುದನ್ನೆಲ್ಲ ಗುರುತಿಸಿ, ಮನೆಯ ಹಿರಿಯರನ್ನು ಕೇಳಿ ಪ್ರತಿಯೊಂದರ ಹೆಸರನ್ನೂ ಬರೆದುಕೊಳ್ಳಬೇಕು. ಬೇಸಿಗೆಯ ರಜೆ ಇದಕ್ಕೆ ತಕ್ಕ ಸಮಯ. ಮಿರಗದ ಮಳೆ ಹಿಡಿದ ಮೇಲೆ ಹಿರಿಯರು ಯಾರನ್ನೂ ಮಾಳಿಗೆ ಹತ್ತಗೊಡುವುದಿಲ್ಲ. ಹಸಿಯಾದ ಸವಳಿನ ಮೇಲೆ ಮೂಡಿದ ಹೆಜ್ಜೆಯ ಗುಳಿಯಲ್ಲಿ ನೀರು ನಿಂತು, ಅಲ್ಲಿಂದಲೇ ಮಾಳಿಗೆ ಸೋರಲು ತೊಡಗುತ್ತದೆ.